ಹಳೆಯ ಫೋಟೊದಲ್ಲಿ ಜರ್ಮನ್ ಸೇನಾ ಬಾವುಟ: ಕಾಲ ಗುರುತಿಸುವ ಬಗೆ

ಎರಡು ಮಹಾಯುದ್ಧಗಳ ನಡುವೆ ಜರ್ಮನ್ ಸೇನೆಯ ಯುದ್ಧಧ್ವಜ ಮೂರು ಸಲ ಬದಲಾಯಿತು. ಹಾಗಾಗಿ ಬ್ಯಾರಕ್ಕಿನ ಮೇಲೆ ಹಾರುವ ಬಾವುಟದಿಂದಲೇ ಫೋಟೊದ ಕಾಲ ಹೇಳಬಹುದು. ಕಪ್ಪು-ಬಿಳುಪು ಚಿತ್ರದಲ್ಲಿ ಬಣ್ಣದ ಛಾಯೆಯನ್ನು ನಂಬಬೇಡಿ, ಆಕಾರ ನೋಡಿ.

ಚಿಕ್ಕ ಪ್ರಿಂಟಾದರೆ 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಮೊದಲು ಕಂಬದ ಬದಿ ಹುಡುಕಿ. ಎಡ-ಬಲದ ಲೆಕ್ಕ ಇಲ್ಲಿ ನಡೆಯದು: ಗಾಳಿ ತಿರುಗಿದರೆ ಇನ್ನೊಂದು ಮಗ್ಗುಲು ಕಾಣುತ್ತದೆ, ನೆಗೆಟಿವ್ ಮಗುಚಿ ಪ್ರಿಂಟ್ ಹಾಕಿರಲೂಬಹುದು.

ಆಮೇಲೆ ನಡುಭಾಗ. ಬಿಳಿ ಬಟ್ಟೆಯ ಮೇಲೆ ಕಪ್ಪು ಶಿಲುಬೆ, ನಡುವೆ ಹದ್ದು ಇದ್ದರೆ ಅದು ಚಕ್ರವರ್ತಿಯ ಕಾಲದ ಧ್ವಜ. 1921ರ ಕೊನೆಯವರೆಗೂ ಬಳಕೆಯಲ್ಲಿತ್ತು. ನಡುವೆ ನಾಜಿ ಸ್ವಸ್ತಿಕ, ಕಂಬದ ಬದಿಯ ಮೇಲ್ಮೂಲೆಯಲ್ಲಿ ಐರನ್ ಕ್ರಾಸ್ (ತುದಿಗಳು ಅಗಲವಾದ ಶಿಲುಬೆಯಾಕಾರದ ಜರ್ಮನ್ ಸೇನಾ ಲಾಂಛನ) ಇದ್ದರೆ 1935ರ ನವೆಂಬರ್ 7ರ ನಂತರದ್ದು.

ಕಷ್ಟವೆಲ್ಲ ಇವೆರಡರ ನಡುವಿನ ಅವಧಿಯದು. ಕಪ್ಪು-ಬಿಳಿ-ಕೆಂಪು ಅಡ್ಡಪಟ್ಟೆ, ನಡುವೆ ಐರನ್ ಕ್ರಾಸ್: ಇದು 1922ರಿಂದ 1935ರವರೆಗೂ ಇತ್ತು. ಮೊದಲು ಕಂಬದ ಬದಿಯ ಮೇಲ್ಮೂಲೆಯಲ್ಲಿ, ಚಕ್ರವರ್ತಿಯ ಆಳ್ವಿಕೆಯ ನಂತರ ಬಂದ ಗಣರಾಜ್ಯದ ಕಪ್ಪು-ಕೆಂಪು-ಹೊನ್ನಿನ ಪುಟ್ಟ ತ್ರಿವರ್ಣವಿತ್ತು. 1933ರ ಮಾರ್ಚ್ 14ರ ಆದೇಶ ಅದನ್ನು ಕಿತ್ತುಹಾಕಿತು. ಎಡವುವುದು ಇಲ್ಲೇ. ಆ ಕಾಲದಲ್ಲಿ ಹೆಚ್ಚು ಬಳಕೆಯಲ್ಲಿದ್ದ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ. ಕೆಂಪು ಕಪ್ಪಾಗಿ ಬೀಳುತ್ತದೆ, ಹೊನ್ನಿನ ಬಣ್ಣವೂ ಮಂಕಾಗುತ್ತದೆ. ಕಪ್ಪು ಪಟ್ಟೆಯ ಮೂಲೆಯಲ್ಲಿರುವ ತ್ರಿವರ್ಣ ಹೀಗೆ ಮಾಯವಾಗುತ್ತದೆ. ಸ್ಕ್ಯಾನಿನಲ್ಲಿ ಆ ಮೂಲೆಯ ನೆರಳುಭಾಗವನ್ನಷ್ಟೇ ಬೆಳಗಿಸಿ, ಕೆಳಗಿನ ಹೊನ್ನಿನ ಪಟ್ಟೆಯ ಬೂದು ಗೆರೆ ಸಿಗುತ್ತದೆಯೇ ನೋಡಿ. ತಂತ್ರಾಂಶದಿಂದ ಬಣ್ಣ ತುಂಬಿದ ಪ್ರತಿಯನ್ನು ಮಾತ್ರ ಪುರಾವೆ ಎಂದುಕೊಳ್ಳಬೇಡಿ. ಆ ಬಣ್ಣ ಬರೀ ಊಹೆ.

ಮೂಲೆ ಮಡಿಕೆಯಲ್ಲಿ ಮುಚ್ಚಿಹೋಗಿದ್ದರೆ ಸೈನಿಕರ ಸಮವಸ್ತ್ರದತ್ತ ತಿರುಗಿ. ಅಂಗಿಯ ಬಲ ಎದೆಯ ಮೇಲೆ ಸ್ವಸ್ತಿಕ ಹಿಡಿದ ಹದ್ದು ಬಂದದ್ದು 1934ರಲ್ಲಿ. ಅದು ಕಂಡರೆ ಬಾವುಟ ತ್ರಿವರ್ಣ ತೆಗೆದ ನಂತರದ್ದೇ. ಕಾಣದಿದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ: ಮೇಲೆ ತೊಟ್ಟ ಉದ್ದನೆಯ ಗ್ರೇಟ್‌ಕೋಟ್ ಅದನ್ನು ಮುಚ್ಚಿರಬಹುದು.

ಶೀರ್ಷಿಕೆ ಬರೆಯುವಾಗ ಮೂಲೆ ಪೂರ್ತಿ ಬಿಚ್ಚಿಕೊಂಡು ಸ್ಪಷ್ಟವಾಗಿ ಖಾಲಿ ಇದ್ದರೆ ಮಾತ್ರ ‘1933–35’ ಎನ್ನಿ. ಸಂಶಯವಿದ್ದರೆ ‘1922–35’ ಎಂದೇ ಬರೆಯಿರಿ, ಮೂಲೆ ಕಾಣುವುದಿಲ್ಲವೆಂದು ಪಕ್ಕದಲ್ಲೇ ನಮೂದಿಸಿ.