ಚಿಕ್ಕಪೇಟೆಯಲ್ಲಿ ಸಿಕ್ಕ ಪೆಟ್ಟಿಗೆ ಮತ್ತು ಅದರ ಜರ್ಮನ್ ಚೀಟಿ

ಬೆಂಗಳೂರಿನ ಚಿಕ್ಕಪೇಟೆಯ ಭಾನುವಾರದ ಬಜಾರಿನಲ್ಲಿ ನಾನು ಕೊಂಡ ಕಪ್ಪು ಪೆಟ್ಟಿಗೆಯಲ್ಲಿ ಎರಡು ಲೋಹದ ತೋಳುಗಳು, ಅವುಗಳಲ್ಲೊಂದಕ್ಕೆ ಕೂಡಿಸಿದ ಗೆರೆಗಳುಳ್ಳ ಸಣ್ಣ ಚಕ್ರ, ಒಂದು ತೂಕದ ಗುಂಡು, ಮುಚ್ಚಳದ ಒಳಗೆ ಅಂಟಿಸಿದ ಜರ್ಮನ್ ಚೀಟಿ ಇದ್ದವು. ಮಾರುತ್ತಿದ್ದವರು ಅದನ್ನು ಸರ್ವೆಯವರ ಕೈವಾರ ಎಂದರು. ಕೈವಾರಕ್ಕೆ ಚಕ್ರವೇಕೆ ಎಂಬ ಪ್ರಶ್ನೆಯಿಂದ ನನ್ನ ಹುಡುಕಾಟ ಆರಂಭವಾಯಿತು.

ಯಾವ ಭಾಗವನ್ನೂ ಉಜ್ಜದೆ, ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ನೋಡಿದಾಗ ತೋಳಿನ ಮೇಲೆ ‘ಎ. ಒಟ್, ಕೆಂಪ್ಟನ್’ ಎಂಬ ಕೆತ್ತನೆಯೂ ಕ್ರಮಸಂಖ್ಯೆಯೂ ಕಂಡವು. ಕೆಂಪ್ಟನ್ ಬವೇರಿಯದ ಪಟ್ಟಣ. ಆಲ್ಬರ್ಟ್ ಒಟ್ ಅಲ್ಲಿ 1873ರಲ್ಲಿ ಸ್ಥಾಪಿಸಿದ ಕಾರ್ಖಾನೆಯಲ್ಲಿ ನದಿಯ ಹರಿವನ್ನು ಅಳೆಯುವ ಮಾಪಕಗಳೂ ನಕ್ಷೆಯ ಮೇಲಿನ ಆಕಾರಗಳ ವಿಸ್ತೀರ್ಣವನ್ನು ಅಳೆಯುವ ಪ್ಲಾನಿಮೀಟರುಗಳೂ ತಯಾರಾಗುತ್ತಿದ್ದವು. ನನ್ನಲ್ಲಿದ್ದುದು ಎರಡನೆಯದು, ಸ್ವಿಟ್ಜರ್ಲೆಂಡಿನ ಯಾಕೋಬ್ ಆಮ್ಸ್ಲರ್ 1854ರಲ್ಲಿ ರೂಪಿಸಿದ ಬಗೆಯದು. ಒಂದು ತೋಳಿನ ತುದಿಯನ್ನು ತೂಕದಿಂದ ಕದಲದಂತೆ ನಿಲ್ಲಿಸಿ, ಇನ್ನೊಂದರ ಮೊನೆಯನ್ನು ನಕ್ಷೆಯ ಮೇಲಿನ ಆಕಾರದ ಅಂಚಿನುದ್ದಕ್ಕೂ ಒಂದು ಸುತ್ತು ನಡೆಸಿದರೆ, ಚಕ್ರವು ಅಷ್ಟಿಷ್ಟು ಉರುಳುತ್ತ ಅಷ್ಟಿಷ್ಟು ಜಾರುತ್ತ ಕೊನೆಗೆ ತೋರುವ ಅಂಕಿ ಒಳಗಿನ ವಿಸ್ತೀರ್ಣಕ್ಕೆ ಸರಿಯಾದ ಅನುಪಾತದಲ್ಲಿರುತ್ತದೆ. ಜಲಾಶಯದ ಸಾಮರ್ಥ್ಯವನ್ನು ಲೆಕ್ಕ ಹಾಕುವವರು ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಸ್ಥಳಗಳನ್ನು ಕೂಡಿಸುವ ಗೆರೆಗಳ) ಒಳಗಿನ ವಿಸ್ತೀರ್ಣವನ್ನು ಹೀಗೆಯೇ ಅಳೆಯುತ್ತಿದ್ದರು.

ಚೀಟಿಯ ವಿಷಯದಲ್ಲಿ ನಾನು ಪದಗಳಿಗಿಂತ ಮೊದಲು ಅಂಕಿಗಳನ್ನು ಓದಿದೆ, ಏಕೆಂದರೆ ಭಾಷೆ ಬಾರದವರಿಗೂ ಅವು ತೆರೆದಿರುತ್ತವೆ. 1:1000, 1:2500 ಎಂಬ ನಕ್ಷೆಯ ಪ್ರಮಾಣಗಳು, ಪ್ರತಿಯೊಂದಕ್ಕೂ ತೋಳನ್ನು ಎಷ್ಟು ಉದ್ದಕ್ಕೆ ಹೊಂದಿಸಬೇಕೆಂಬ ಸಂಖ್ಯೆ, ಚಕ್ರದ ಒಂದು ವರ್ನಿಯರ್ ಮಾನಕ್ಕೆ, ಅಂದರೆ ಅದರ ಪಕ್ಕದ ಸೂಕ್ಷ್ಮ ಅಳತೆಪಟ್ಟಿಯ ನೆರವಿನಿಂದ ಓದಬಹುದಾದ ಅತಿ ಸಣ್ಣ ಅಂಕಕ್ಕೆ, ಎಷ್ಟು ಚದರ ಮೀಟರ್ ಎಂಬ ಮೌಲ್ಯ ಅಲ್ಲಿದ್ದವು. ಚೀಟಿಯ ಕ್ರಮಸಂಖ್ಯೆಯೂ ತೋಳಿನದೂ ಒಂದೇ ಆಗಿದ್ದುದು ಬಹಳ ಮುಖ್ಯ. ಈ ಹೊಂದಾಣಿಕೆಗಳು ಆಯಾ ಉಪಕರಣಕ್ಕೆ ಮಾತ್ರ ಸಲ್ಲುತ್ತವೆ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದ ಸಾಲು ಹಳೆಯ ಜರ್ಮನ್ ಕೂಡುಬರಹದಲ್ಲಿತ್ತು. ಜರ್ಮನಿಯ ಶಾಲೆಗಳಲ್ಲಿ 1941ರಲ್ಲಿ ಕೈಬಿಟ್ಟ ಆ ಬರಹದಲ್ಲಿ ‘ಇ’ ಅಕ್ಷರವು ‘ಎನ್’ನಂತೆ ಕಾಣುತ್ತದೆ, ‘ಯು’ ಮೇಲೆ ಕೊಕ್ಕೆಯಿರುತ್ತದೆ. ಅಕ್ಷರಪಟ್ಟಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರವನ್ನು ಗುರುತಿಸಿದಾಗ, ಚಕ್ರದ ಅಂಚನ್ನು ಬೆರಳಿನಿಂದ ಮುಟ್ಟಬಾರದೆಂಬ ಎಚ್ಚರಿಕೆ ಅದೆಂದು ತಿಳಿಯಿತು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಕೊನೆಯ ಸಾಲು. ಅದರ ಶಾಯಿ ಬೇರೆ. ಜರ್ಮನ್ ಸಾಲುಗಳಲ್ಲಿ ದಶಮಾಂಶಕ್ಕೆ ಅಲ್ಪವಿರಾಮವಿದ್ದು ಏಳರ ನಡುವೆ ಅಡ್ಡಗೆರೆಯಿದ್ದರೆ, ಇಲ್ಲಿ ಚುಕ್ಕೆಯಿತ್ತು, ಏಳು ಬರಿದಾಗಿತ್ತು. ಪ್ರಮಾಣ 1:7920, ಮೌಲ್ಯ 0.1, ಯಾವುದರ 0.1 ಎಂದು ಬರೆದಿರಲಿಲ್ಲ. 7920 ಎಂದರೆ ಒಂದು ಮೈಲಿಗೆ ಎಂಟು ಅಂಗುಲ, ಅಂದರೆ ನಮ್ಮ ಗ್ರಾಮ ನಕಾಶೆಗಳ ಪ್ರಮಾಣ. ಒಂದು ಚದರ ಮೈಲಿಗೆ 640 ಎಕರೆ. ಅದು ನಕಾಶೆಯಲ್ಲಿ 64 ಚದರ ಅಂಗುಲವನ್ನು ತುಂಬುವುದರಿಂದ ಒಂದು ಚದರ ಅಂಗುಲಕ್ಕೆ ಹತ್ತು ಎಕರೆ. ಆದ್ದರಿಂದ 0.1 ಎಂಬುದು ಎಕರೆಯೇ ಆಗಿದ್ದರೆ, ಒಂದಂಗುಲದ ಚೌಕವನ್ನು ಸುತ್ತಿದಾಗ ಚಕ್ರ ನೂರು ಮಾನ ಮುಂದೆ ಹೋಗಬೇಕು. ತೋಳನ್ನು ಆ ಸಾಲಿನಲ್ಲಿದ್ದ ಸಂಖ್ಯೆಗೆ ಹೊಂದಿಸಿ, ಚೌಕವನ್ನು ಎಡಕ್ಕೂ ಬಲಕ್ಕೂ ಹಲವು ಬಾರಿ ಸುತ್ತಿ ಸರಾಸರಿ ತೆಗೆದಾಗ ನೂರರ ಆಸುಪಾಸಿನಲ್ಲಿಯೇ ನಿಂತಿತು. ಜರ್ಮನ್ ಬಲ್ಲ ಒಬ್ಬರ ಕೈಯಿಂದ ಈ ಉಪಕರಣ ಎಕರೆ ಲೆಕ್ಕದ ಸರ್ವೆಗಾರರೊಬ್ಬರ ಕೈಗೆ ದಾಟಿತ್ತೆಂಬುದಕ್ಕೆ ನನಗೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿರಲಿಲ್ಲ.

ಅನಂತರ ನಮ್ಮೂರಿನ ಗ್ರಾಮ ನಕಾಶೆಯನ್ನು ಹರಡಿ, ನಮ್ಮ ಹೊಲದ ಸರ್ವೆ ನಂಬರಿನ ಗಡಿಯ ಮೇಲೆ ಮೊನೆಯನ್ನು ನಡೆಸಿದೆ. ಬಂದ ಅಂಕಿಗೂ ಪಹಣಿಯಲ್ಲಿ ಖರಾಬು ಸೇರಿ ನಮೂದಾಗಿರುವ ವಿಸ್ತೀರ್ಣಕ್ಕೂ ಕೆಲವೇ ಗುಂಟೆಗಳ ವ್ಯತ್ಯಾಸವಿತ್ತು.