ಚಂಡಮಾರುತದ ಸುದ್ದಿ ಓದಿ ಕಾಫಿ ಕಣ ಕಾಪಾಡಿಕೊಳ್ಳುವುದು ಹೇಗೆ?

ನಮ್ಮಲ್ಲಿ ಅರೇಬಿಕಾ ಕಾಫಿಯ ಕೊಯ್ಲು ಭರದಿಂದ ನಡೆಯುವ ನವೆಂಬರ್–ಡಿಸೆಂಬರ್ ತಿಂಗಳುಗಳಲ್ಲೇ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳೂ ಏಳುತ್ತವೆ. ಆಲ್ದೂರು, ಮೂಡಿಗೆರೆ, ಸಕಲೇಶಪುರ ಭಾಗದ ಕಾಫಿ ಒಣಗಿಸುವ ಕಣಗಳಲ್ಲಿ ನಾನು ಮತ್ತೆ ಮತ್ತೆ ಕಂಡಿರುವ ತಪ್ಪು ಒಂದೇ. ‘ಚಂಡಮಾರುತ ದುರ್ಬಲಗೊಂಡಿದೆ’ ಎಂಬ ಸಾಲು ಟಿ.ವಿ.ಯಲ್ಲಿ ಬಂದ ಕೂಡಲೇ ಮುಚ್ಚಿಟ್ಟಿದ್ದ ಕಾಫಿಯನ್ನು ಬೆಳೆಗಾರರು ಮತ್ತೆ ಹರಡುತ್ತಾರೆ; ಆ ರಾತ್ರಿಯೇ ಅದು ತೊಯ್ದು ಹೋಗುತ್ತದೆ. ವಾರಗಟ್ಟಲೆ ದುಡಿದದ್ದು ಹೀಗೆ ಬೂಸ್ಟು ಹಿಡಿಯುವುದನ್ನು ನೋಡಲಾಗದೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಚಂಡಮಾರುತ ಯಾವುದರ ಬಲದಿಂದ ಓಡುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಸಮುದ್ರದ ಮೇಲ್ಭಾಗದ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದಾಗ ಅಲ್ಲಿಂದ ಏಳುವ ಆವಿ ಮೇಲೇರಿ, ತಣಿದು, ಹನಿಯಾಗುತ್ತದೆ; ಹನಿಯಾಗುವಾಗ ತನ್ನೊಳಗಿನ ಶಾಖವನ್ನು ಸುತ್ತಲಿನ ಗಾಳಿಗೆ ಬಿಡುತ್ತದೆ. ಒಂದು ಲೀಟರ್ ನೀರಿನಷ್ಟು ಆವಿ ಹನಿಯಾದಾಗ ಹೊರಬೀಳುವ ಶಾಖ, ನಮ್ಮ ಬಚ್ಚಲಿನ ಹಂಡೆಯಲ್ಲಿ ಸುಮಾರು ಏಳು ಲೀಟರ್ ತಣ್ಣೀರನ್ನು ಕುದಿಸಲು ಸಾಲುವಷ್ಟಿರುತ್ತದೆ. ಬಿಸಿಯಾದ ಗಾಳಿ ಇನ್ನೂ ಮೇಲೇರುತ್ತದೆ, ಕೆಳಗೆ ಒತ್ತಡ ಕುಸಿಯುತ್ತದೆ, ಸುತ್ತಲಿನ ತೇವದ ಗಾಳಿ ಅಲ್ಲಿಗೆ ನುಗ್ಗುತ್ತದೆ, ಮತ್ತು ಭೂಮಿಯ ತಿರುಗುವಿಕೆಯಿಂದಾಗಿ ನಮ್ಮ ಉತ್ತರಾರ್ಧಗೋಳದಲ್ಲಿ ಅದು ಅಪ್ರದಕ್ಷಿಣವಾಗಿ ಸುತ್ತತೊಡಗುತ್ತದೆ. ಅಮೆರಿಕದವರು ಹರಿಕೇನ್ ಎಂದೂ ಜಪಾನಿನ ಕಡೆಯವರು ಟೈಫೂನ್ ಎಂದೂ ಕರೆಯುವುದು ಇದನ್ನೇ.

ಕರಾವಳಿಯವರಿಗೆ ಇದರ ಅತಿ ಕ್ರೂರ ಮುಖವೆಂದರೆ ಗಾಳಿಯು ದಡಕ್ಕೆ ತಳ್ಳಿ ತರುವ ಸಮುದ್ರದ ನೀರು. 1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಅಪ್ಪಳಿಸಿದ ಸೂಪರ್ ಸೈಕ್ಲೋನಿನಲ್ಲಿ ಸುಮಾರು 10,000 ಜನ ಸತ್ತರು. ಅವರಲ್ಲಿ ಬಹುಪಾಲು ಜನರನ್ನು ಬಲಿ ತೆಗೆದುಕೊಂಡದ್ದು ಒಳನುಗ್ಗಿದ ಕಡಲು. ಮಲೆನಾಡಿಗೆ ಆ ಭಯವಿಲ್ಲ, ಆದರೆ ಚಂಡಮಾರುತದ ಇನ್ನೊಂದು ಮುಖವಾದ ಮಳೆ ಇಲ್ಲಿಗೂ ತಲುಪುತ್ತದೆ.

ಎರಡನೆಯದಾಗಿ, ಹವಾಮಾನ ಇಲಾಖೆ ಬಳಸುವ ಪದಗಳ ಅರ್ಥ ತಿಳಿದಿರಬೇಕು. ಗಾಳಿಯ ವೇಗ ಗಂಟೆಗೆ 31ರಿಂದ 49 ಕಿ.ಮೀ. ಇದ್ದರೆ ವಾಯುಭಾರ ಕುಸಿತ, 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ, 62 ಮುಟ್ಟಿದರೆ ಚಂಡಮಾರುತ. ಹೆಸರಿಡುವುದು ಆಗಲೇ.

ಎಡವುವುದು ಮೂರನೆಯ ಹಂತದಲ್ಲಿ. ಮೇಲಿನ ಪದಗಳೆಲ್ಲ ಗಾಳಿಯ ವೇಗವನ್ನು ಅಳೆದು ಇಟ್ಟವು. ಅವುಗಳಲ್ಲಿ ಮಳೆಯ ಲೆಕ್ಕ ಒಂದಿಷ್ಟೂ ಇಲ್ಲ. ಚಂಡಮಾರುತ ನೆಲ ಹತ್ತಿದ ಮೇಲೆ ಬೆಚ್ಚಗಿನ ಸಮುದ್ರದ ಪೂರೈಕೆ ತಪ್ಪುತ್ತದೆ, ನೆಲದ ಘರ್ಷಣೆಗೆ ಗಾಳಿ ಸೊರಗುತ್ತದೆ, ಇಲಾಖೆ ನ್ಯಾಯವಾಗಿಯೇ ‘ದುರ್ಬಲಗೊಂಡಿದೆ’ ಎನ್ನುತ್ತದೆ. ಆದರೆ ಅದು ಕಡಲಿನಿಂದ ಹೊತ್ತು ತಂದ ತೇವ ಎಲ್ಲಿಗೂ ಹೋಗಿರುವುದಿಲ್ಲ. 2024ರ ಫೆಂಗಲ್ ಚಂಡಮಾರುತವನ್ನೇ ನೋಡಿ. ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ಅದು ದಡ ದಾಟಿತು. ಮರುದಿನ ಅದು ಚಂಡಮಾರುತವಾಗಿ ಉಳಿಯದೆ ಕುಸಿತದ ಮಟ್ಟಕ್ಕೆ ಇಳಿಯಿತು. ಹಾಗೆ ಇಳಿದ ಮೇಲೆಯೇ, ಡಿಸೆಂಬರ್ 2ರ ಬೆಳಗಿನವರೆಗಿನ 24 ಗಂಟೆಗಳಲ್ಲಿ, ಕಡಲಿನಿಂದ ನೂರು ಕಿ.ಮೀ.ಗೂ ಹೆಚ್ಚು ಒಳಗಿರುವ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೆಯಲ್ಲಿ ಸುಮಾರು 50 ಸೆಂಟಿಮೀಟರ್ ಮಳೆ ಸುರಿಯಿತು. ಅಷ್ಟಕ್ಕೂ ನಿಲ್ಲದೆ ಅದರ ಅವಶೇಷ ಪಶ್ಚಿಮಕ್ಕೆ ಸರಿದು ಡಿಸೆಂಬರ್ 3ರ ಹೊತ್ತಿಗೆ ಅರಬ್ಬಿ ಸಮುದ್ರ ಸೇರಿತು. ಪುದುಚೇರಿಗೂ ಚಿಕ್ಕಮಗಳೂರಿಗೂ ನಡುವೆ ನೇರ ಅಳತೆಯಲ್ಲಿ ನಾನೂರೈವತ್ತು ಕಿ.ಮೀ.ಗೂ ಮೀರಿದ ದೂರವಿದೆ. ಆ ದೂರವನ್ನು ದಾಟಲು ಮೋಡಕ್ಕೆ ಬೇಕಾಗುವ ಒಂದೆರಡು ದಿನಗಳೇ ನಮಗೆ ಮೋಸ ಮಾಡುವ ದಿನಗಳು.

ಆದ್ದರಿಂದ ಚಂಡಮಾರುತ ತಮಿಳುನಾಡಿನ ಅಥವಾ ದಕ್ಷಿಣ ಆಂಧ್ರದ ದಡ ದಾಟಿದ ಗಳಿಗೆಯಿಂದ ಕನಿಷ್ಠ ಮೂರು ದಿನ ಕಣದಲ್ಲಿ ಹೊಸದಾಗಿ ಏನನ್ನೂ ಹರಡಬೇಡಿ. ಆ ಮೂರು ದಿನ ಗಾಳಿಯ ಸುದ್ದಿಯನ್ನು ಬದಿಗಿಟ್ಟು, ಹವಾಮಾನ ಇಲಾಖೆಯ ಜಿಲ್ಲಾವಾರು ಮಳೆ ಎಚ್ಚರಿಕೆ ಮತ್ತು ಉಪಗ್ರಹ ಚಿತ್ರ ಇವೆರಡನ್ನೇ ನೋಡಿ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕಾರ್ಯಕ್ಕಿಳಿಯಿರಿ ಎಂದರ್ಥ; ಕಾಫಿ ಕಣದ ಮಟ್ಟಿಗೆ ಹಳದಿಯನ್ನೇ ಕೆಂಪೆಂದು ತಿಳಿಯುವುದು ಕ್ಷೇಮ. ಮೊಬೈಲಿನ ಆ್ಯಪ್ ತೋರಿಸುವ ‘ಮಧ್ಯಾಹ್ನ ಮೂರಕ್ಕೆ ಶೇ 40 ಮಳೆ’ ಎಂಬಂಥ ಲೆಕ್ಕವನ್ನು ಘಟ್ಟದ ಗುಡ್ಡಗಳ ನಡುವೆ ನಂಬಬಾರದು. ಒಂದು ಗುಡ್ಡದ ಈಚೆಗೆ ಸುರಿದ ಮಳೆ ಆಚೆಗೆ ಹನಿಯದಿರುವುದು ನಮಗೆ ಗೊತ್ತಿರುವುದೇ. ಪೂರ್ವದ ಆಕಾಶ ತಿಳಿಯಾಗಿ ಬಿಸಿಲು ಬಂದರೂ ಮೋಸಹೋಗಬೇಡಿ, ಏಕೆಂದರೆ ಸುಳಿಯ ತೋಳಿನಂಥ ಮೋಡದ ಪಟ್ಟಿಗಳ ನಡುವೆ ತೆರಪು ಇರುತ್ತದೆ.

ಇನ್ನು ಕಣದ ಕೆಲಸ. ಸುತ್ತಲಿನ ಚರಂಡಿಯನ್ನು ಮೊದಲೇ ಬಿಡಿಸಿಕೊಳ್ಳಿ. ‘ಭಾರಿ ಮಳೆ’ ಎಂಬ ಮಾತಿಗೆ ದಿನಕ್ಕೆ ಕನಿಷ್ಠ 64.5 ಮಿ.ಮೀ. ಎಂದು ಅರ್ಥ, ಅಂದರೆ ಇಪ್ಪತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಕಣದ ಮೇಲೆ ಹನ್ನೆರಡು ಸಾವಿರ ಲೀಟರ್‌ಗೂ ಹೆಚ್ಚು ನೀರು. ಹಣ್ಣಿನ ಸಿಪ್ಪೆ ತೆಗೆದು ತೊಳೆದ, ಒಳಪೊರೆ ಇನ್ನೂ ಇರುವ ಬೀಜವೇ ಪಾರ್ಚ್‌ಮೆಂಟು. ಅರ್ಧ ಒಣಗಿದ ಪಾರ್ಚ್‌ಮೆಂಟನ್ನು ಸಾಧ್ಯವಾದರೆ ಸೂರಿನಡಿಗೆ ಸಾಗಿಸಿ ತೆಳ್ಳಗೆ ಹರಡಿ. ಕಣದಲ್ಲೇ ಮುಚ್ಚುವುದು ಅನಿವಾರ್ಯವಾದರೆ ಸಣ್ಣ ಸಣ್ಣ ದಿಂಡುಗಳಾಗಿ ಏರಿಸಿ, ಮೇಲೆ ಮೊದಲು ಗೋಣಿತಾಟು, ಅದರ ಮೇಲೆ ದಪ್ಪ ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿ. ಸಂತೆಯಲ್ಲಿ ಸಿಗುವ ತೆಳು ನೀಲಿ ಹಾಳೆಯನ್ನು ಕೊಳ್ಳಲೇಬೇಡಿ. ಅದು ಮೊದಲ ಗಾಳಿಗೇ ಸೀಳುತ್ತದೆ. ಗೋಣಿಯಿಲ್ಲದೆ ಪ್ಲಾಸ್ಟಿಕ್ಕನ್ನು ನೇರವಾಗಿ ಹೊದಿಸಿದರೆ ಒಳಗಿನ ಬೆವರು ಹಾಳೆಗೆ ತಾಗಿ ಹನಿಯಾಗಿ ಕಾಫಿಯ ಮೇಲೆಯೇ ಇಳಿಯುತ್ತದೆ. ಮಳೆ ಬಿಡುವು ಕೊಟ್ಟಾಗಲೆಲ್ಲ ಹೊದಿಕೆ ಎತ್ತಿ, ಕೈಯಾಡಿಸಿ, ಮತ್ತೆ ಮುಚ್ಚಬೇಕು. ರಾತ್ರಿಯಾದರೂ ಇದನ್ನು ತಪ್ಪಿಸಬಾರದು.

ಗಿಡದಲ್ಲಿ ಪೂರ್ತಿ ಹಣ್ಣಾದುದನ್ನು ಎಚ್ಚರಿಕೆ ಬಂದ ದಿನವೇ ಕುಯ್ಯಿಸಿ, ಅಂದೇ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್‌ಗೆ ಹಾಕಿ. ಮಳೆ ಹೊಡೆದರೆ ಅದು ಒಡೆದು ಉದುರುತ್ತದೆ. ಹಾಗೆ ಹೊಸದಾಗಿ ತೊಳೆದ ಪಾರ್ಚ್‌ಮೆಂಟನ್ನು ರಾಶಿ ಹಾಕಿ ಒಳಗೇ ಬಿಸಿಯೇರಲು ಬಿಡುವುದಕ್ಕಿಂತ ಒಂದು ದಿನ ಶುದ್ಧ ನೀರಿನಲ್ಲಿ ಮುಳುಗಿಸಿಡುವುದು ಎಷ್ಟೋ ವಾಸಿ.

ಮೂರು ದಿನ ಕಳೆದು ಜಿಲ್ಲೆ ಹಸಿರು ಬಣ್ಣಕ್ಕೆ ಮರಳಿದ ಮೇಲೆ ದಿಂಡಿನೊಳಗೆ ಕೈ ತೂರಿಸಿ ನೋಡಿ. ಒಳಗೆ ಬಿಸಿ ತಾಗಿದರೆ ಅಥವಾ ಹುಳಿ ವಾಸನೆ ಬಂದರೆ ಆ ಭಾಗವನ್ನು ಬೇರೆಯಾಗಿಯೇ ಒಣಗಿಸಿ, ಬೇರೆ ಚೀಲಕ್ಕೆ ತುಂಬಿ, ಗುರುತು ಹಾಕಿ. ಒಳ್ಳೆಯ ಕಾಫಿಯೊಂದಿಗೆ ಒಂದು ಬುಟ್ಟಿಯಷ್ಟನ್ನೂ ಬೆರೆಸಬೇಡಿ.