ಫೋನಿನ ಆ ಕಡೆ ಇದ್ದವರು

ಸೈಕಲ್ಲಿನಿಂದ ಬಿದ್ದ ಮೇಲೆ ನನಗೆ ಮೊದಲು ಸರಿಯಾಗಿ ಕೇಳಿಸಿದ್ದು ಒಬ್ಬ ಹೆಂಗಸಿನ ದನಿ. "ಹ್ಯಾಲೋ... ಹ್ಯಾಲೋ... ಕಾಯ್ ಝಾಲಂ?" ಏನಾಯ್ತು, ಏನಾಯ್ತು ಅಂತ ಆ ದನಿ ಕೇಳುತ್ತಲೇ ಇತ್ತು. ನಾನು ಪುಣೆಯ ಕರ್ವೆ ರಸ್ತೆಯಲ್ಲಿ, ನಳ್ ಸ್ಟಾಪಿಗೆ ಸ್ವಲ್ಪ ಹಿಂದೆ, ಒದ್ದೆ ಡಾಂಬರಿನ ಮೇಲೆ ಎಡಗೈ ಅಡಿಗೆ ಸಿಕ್ಕಿಕೊಂಡು ಬಿದ್ದಿದ್ದೆ. ಕಾರಿನವನು ಇಳಿದು ಓಡಿ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಫೋನ್ ಇನ್ನೂ ಅವನ ಕೈಯಲ್ಲೇ ಇತ್ತು, ಸ್ಪೀಕರ್ ಆನ್ ಇತ್ತು. ಕಟ್ ಮಾಡಬೇಕು ಅನ್ನೋದೂ ಅವನಿಗೆ ಹೊಳೆದಿರಲಿಲ್ಲ. "ಸಾರಿ ತಾಈ, ಘರಚಾ ಫೋನ್ ಹೋತಾ" ಅಂದ. ಮನೆಯಿಂದ ಫೋನ್ ಬಂದಿತ್ತು ಅಂತ.

ಇದು ಮೂರು ವರ್ಷದ ಹಿಂದಿನ ಜುಲೈ ತಿಂಗಳ ಮಾತು. ಬೆಳಿಗ್ಗೆ ಒಂಬತ್ತು ಗಂಟೆ, ಜಿನುಗು ಮಳೆ. ನಾನು ರಸ್ತೆಯ ಎಡ ಅಂಚಿನಲ್ಲಿ ನೇರ ಹೋಗುತ್ತಿದ್ದೆ. ಆ ಕಾರು ನನ್ನ ಬಲಗಡೆಯಿಂದ ಮುಂದೆ ಹೋಗಿ, ಇಂಡಿಕೇಟರ್ ಹಾಕದೆ ಎಡಗಡೆಯ ಗಲ್ಲಿಗೆ ತಿರುಗಿತು. ನನ್ನ ಮುಂದಿನ ಗಾಲಿ ಅದರ ಹಿಂದಿನ ಬಾಗಿಲಿಗೆ ಬಡಿಯಿತು. ಕಾಲೇಜಿನ ಇಬ್ಬರು ಹುಡುಗರು, ಫುಟ್‌ಪಾತಿನಲ್ಲಿ ಹೂ ಮಾರುತ್ತಿದ್ದ ಒಬ್ಬ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ ಅಂತ) ಸೇರಿ ನನ್ನನ್ನು ಎಬ್ಬಿಸಿ ಕೂರಿಸಿದರು. ಮಾವಶಿ ತನ್ನ ಹೂವಿನ ಬುಟ್ಟಿ ಮುಚ್ಚುವ ಒದ್ದೆ ಬಟ್ಟೆಯನ್ನೇ ನನ್ನ ಮೊಣಕೈಗೆ ಕಟ್ಟಿದಳು. ಮಣಿಕಟ್ಟಿನ ಎಲುಬು ಮುರಿದಿತ್ತು. ಆರು ವಾರ ಪ್ಲಾಸ್ಟರ್.

ಆ ಆರು ವಾರ ನನಗೆ ಕಾರಿನವನ ಮುಖ ಅಷ್ಟಾಗಿ ನೆನಪಾಗಲಿಲ್ಲ. ಆ ದನಿ ನೆನಪಾಗುತ್ತಿತ್ತು. ಪಾಪ, ಅವಳು ಏನು ಕೇಳಲು ಫೋನ್ ಮಾಡಿದ್ದಳೋ. ಮಗುವಿನ ಶಾಲೆಯ ವಿಷಯವೋ, ಸಂಜೆ ತರಕಾರಿ ತರೋದೋ. ಬ್ರೇಕಿನ ಸದ್ದು, ಜನರ ಕೂಗು ಎಲ್ಲಾ ಅವಳ ಕಿವಿಗೆ ಬಿದ್ದಿರುತ್ತೆ. ಅದೇ ದಿನ ಬೆಳಿಗ್ಗೆ ಎಂಟೂವರೆಗೆ ನಾನೂ ನನ್ನ ಯಜಮಾನರಿಗೆ ಫೋನ್ ಮಾಡಿದ್ದೆ. ಅವರು ಹಿಂಜವಡಿಗೆ ಕಾರಿನಲ್ಲಿ ಹೊರಟಿದ್ದರು. ಗ್ಯಾಸ್ ಬುಕ್ ಮಾಡಿದ್ರಾ ಅಂತ ಕೇಳೋಕೆ. ಅವರು ಡ್ರೈವಿಂಗ್ ಮಾಡುತ್ತಿರುತ್ತಾರೆ ಅಂತ ಗೊತ್ತಿದ್ದೇ ಮಾಡಿದ್ದೆ. ಅವರ ಕಾರಿನ ಎಡಗಡೆ ಯಾರು ಸೈಕಲ್ ಮೇಲೆ ಹೋಗುತ್ತಿದ್ದರೋ.

ನಾವು ಧಾರವಾಡದವರು. ಪುಣೆಗೆ ಬಂದು ಹದಿನೆಂಟು ವರ್ಷವಾಯಿತು. ಕೋಥ್ರೂಡಿನ ಡಹಾಣೂಕರ್ ಕಾಲೊನಿಯಲ್ಲಿ ಮನೆ, ಡೆಕ್ಕನ್ ಹತ್ತಿರ ನನ್ನ ಆಫೀಸು. ಸುಮಾರು 5 ಕಿಲೋಮೀಟರ್. ಒಂದು ಕಾಲಕ್ಕೆ ಪುಣೆಗೆ ಸೈಕಲ್ ಊರು ಅಂತಲೇ ಹೆಸರು. ನಮ್ಮ ಕಟ್ಟಡದ ಹಿರಿಯರು ಈಗಲೂ ಆ ದಿನಗಳ ಮಾತಾಡುತ್ತಾರೆ. 2017ರಲ್ಲಿ ಮಹಾನಗರ ಪಾಲಿಕೆ ಇಡೀ ಊರಿಗೆ ಅಂತ ಸೈಕಲ್ ಯೋಜನೆಗೆ ಒಪ್ಪಿಗೆಯನ್ನೂ ಕೊಟ್ಟಿತು. ಆದರೆ ನಾನು ದಿನಾ ಹೋಗುವ ದಾರಿಯಲ್ಲಿ ನನ್ನ ಪಾಲಿಗೆ ಇರೋದು ಬಸ್ಸು, ರಿಕ್ಷಾ, ಸ್ಕೂಟರುಗಳ ನಡುವೆ ಸಿಕ್ಕಷ್ಟು ಜಾಗ ಮಾತ್ರ.

ಪ್ಲಾಸ್ಟರ್ ತೆಗೆದ ಮೇಲೆ ಮತ್ತೆ ಸೈಕಲ್ ಹತ್ತಬೇಕಾ ಬೇಡವಾ ಅಂತ ಮನೆಯಲ್ಲಿ ದೊಡ್ಡ ಚರ್ಚೆ ಆಯಿತು. ಹತ್ತುತ್ತೇನೆ ಅಂದೆ. ಆದರೆ ಹಿಂದಿನ ಹಾಗೆ ಅಲ್ಲ.

ಮೊದಲು ಒಂದು ಲೆಕ್ಕ ಮಾಡಿದೆ. ನಾನು ಅಕೌಂಟ್ಸಿನವಳು, ಲೆಕ್ಕ ಸಿಗದಿದ್ದರೆ ನನಗೆ ಸಮಾಧಾನ ಇಲ್ಲ. 40 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಫೋನಿನಲ್ಲಿ ಬಂದ ಮೆಸೇಜ್ ಓದೋಕೆ ಮೂರು ಸೆಕೆಂಡ್ ಅಂದುಕೊಳ್ಳಿ. 33 ಮೀಟರ್. ಮಗನನ್ನು ಕರೆದುಕೊಂಡು ನಮ್ಮ ಸೊಸೈಟಿಯ ಅಂಗಳದಲ್ಲಿ ಟೇಪ್ ಹಿಡಿದು ಅಳೆದೆ. ಗೇಟಿನಿಂದ ಶುರು ಮಾಡಿದರೆ ಸೀಮೆಸುಣ್ಣದ ಗೆರೆ ಮೂರನೇ ವಿಂಗಿನ ಮೆಟ್ಟಿಲ ಹತ್ತಿರ ಬಂತು. ನಡುವೆ ಹನ್ನೊಂದು ಸ್ಕೂಟರ್ ನಿಂತಿದ್ದವು, ತುಳಸಿ ಕಟ್ಟೆ ಇತ್ತು, ಎರಡು ಮಕ್ಕಳು ಆಡುತ್ತಿದ್ದರು. "ಇಷ್ಟೂ ದೂರ ಕಣ್ಣು ಮುಚ್ಚಿಕೊಂಡು ಹೋದಂಗೆ ಅಲ್ವಾ ಅಮ್ಮ?" ಅಂದ ಮಗ. ಹೌದು, ಅಷ್ಟೇ.

ಕಣ್ಣು ರಸ್ತೆ ಮೇಲೆ ಇದ್ದರೂ ಸಾಲದು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಈ ವಿಷಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಫೋನಿನಲ್ಲಿ ಮಾತಾಡುವವರ ಕಣ್ಣು ನೋಡಿದ್ದೆಲ್ಲಾ ತಲೆಗೆ ಹೋಗೋದಿಲ್ಲ ಅಂತ ಅವರ ಪ್ರಯೋಗಗಳು ತೋರಿಸಿವೆ. ಕಾರಿಗೆ ಬಾಯಿಮಾತಿನಲ್ಲಿ ಹೇಳಿ ಕೆಲಸ ಮಾಡಿಸುವ ವ್ಯವಸ್ಥೆಗಳ ಬಗ್ಗೆ ಅವರ ತಂಡ 2015ರಲ್ಲಿ ಒಂದು ವರದಿ ಕೊಟ್ಟಿತು. ಮಾತು ಮುಗಿದ ಮೇಲೂ 27 ಸೆಕೆಂಡಿನವರೆಗೆ ಗಮನ ಪೂರ್ತಿ ವಾಪಸ್ ಬರದೇ ಇರಬಹುದು ಅಂತ ಅದರಲ್ಲಿ ಕಂಡುಬಂತು. ಫೋನ್ ಬಳಸುತ್ತಾ ಓಡಿಸುವವರಿಗೆ ಅಪಘಾತದ ಅಪಾಯ ಸುಮಾರು 4 ಪಟ್ಟು ಜಾಸ್ತಿ, ಹ್ಯಾಂಡ್ಸ್‌ಫ್ರೀ ಹಾಕಿದರೂ ದೊಡ್ಡ ವ್ಯತ್ಯಾಸ ಆಗೋದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬ್ಲೂಟೂತ್ ಇದೆ ಅಂತ ಧೈರ್ಯವಾಗಿ ಮಾತಾಡುವವರನ್ನು ನೋಡಿದರೆ ನನಗೆ ಈಗ ಜಾಸ್ತಿ ಹೆದರಿಕೆ.

ಡ್ರೈವರ್ ನನ್ನನ್ನು ನೋಡುವಂತೆ ಮಾಡೋದು ನನ್ನ ಕೈಯಲ್ಲಿಲ್ಲ. ಅವನು ನೋಡುತ್ತಿಲ್ಲ ಅನ್ನೋದನ್ನು ಗುರುತಿಸೋದು ನನ್ನ ಕೈಯಲ್ಲಿದೆ. ಇದನ್ನು ಕಲಿಯೋಕೆ ನನಗೆ ಒಂದು ವರ್ಷ ಹಿಡಿಯಿತು.

ಮುಂದಿನ ಗಾಡಿಯಲ್ಲೇ ಗೊತ್ತಾಗುತ್ತದೆ. ಸಿಗ್ನಲ್ ಹಸಿರಾಗಿ ಎಲ್ಲರೂ ಹೊರಟರೂ ಒಂದು ಕಾರು ಅಲ್ಲೇ ನಿಂತಿರುತ್ತದೆ. ಹಿಂದಿನವರು ಹಾರ್ನ್ ಹೊಡೆದ ಮೇಲೆ ಜರ್ಕ್ ಹೊಡೆದು ಹೊರಡುತ್ತದೆ. ಅವನ ಕೈ ಈಗಷ್ಟೇ ಫೋನ್ ಬಿಟ್ಟಿದೆ, ತಲೆ ಇನ್ನೂ ಬಿಟ್ಟಿಲ್ಲ. ಅಂಥವನನ್ನು ಮುಂದೆ ಹೋಗಲು ಬಿಡುತ್ತೇನೆ. ಖಾಲಿ ರಸ್ತೆಯಲ್ಲಿ ಸುಮ್ನೆ ನಿಧಾನ ಹೋಗುವ ಕಾರು, ಸ್ವಲ್ಪ ಎಡಕ್ಕೆ ವಾಲಿ ಮತ್ತೆ ತಟ್ಟನೆ ಬಲಕ್ಕೆ ಬರುವ ಕಾರು, ಇವೂ ಅದೇ ಜಾತಿ. ಸಂಜೆ ಆದರೆ ಇನ್ನೂ ಸುಲಭ: ಡ್ರೈವರನ ಗದ್ದದ ಕೆಳಗೆ ಬಿಳಿ ಬೆಳಕು ಬಿದ್ದಿರುತ್ತದೆ. ಸ್ಕೂಟರಿನವರದು ಬೇರೆ ಗುರುತು. ಹೆಲ್ಮೆಟ್ಟಿನೊಳಗೆ ಫೋನ್ ತುರುಕಿಕೊಂಡವರು, ಇಲ್ಲವೇ ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಕತ್ತು ಓರೆ ಮಾಡಿದವರು. ಕತ್ತು ಎಡಕ್ಕೆ ವಾಲಿದವರಿಗೆ ಬಲಗಡೆ ತಿರುಗಿ ನೋಡೋಕೆ ಆಗೋದೇ ಇಲ್ಲ. ನೀವೇ ಒಮ್ಮೆ ಮಾಡಿ ನೋಡಿ, ಮನೆಯಲ್ಲಿ ಕುರ್ಚಿ ಮೇಲೆ ಕೂತು.

ಹಿಂದಿನ ಗಾಡಿಗೆ ಕನ್ನಡಿ. ಹ್ಯಾಂಡಲಿನ ಬಲ ತುದಿಗೆ ಒಂದು ಚಿಕ್ಕ ಕನ್ನಡಿ ಹಾಕಿಸಿದೆ. ಅಂಗಡಿಯವನು "ಮೇಡಂ, ಸೈಕಲ್ಲಿಗೆ ಯಾಕೆ?" ಅಂದ. ಇಷ್ಟು ಖರ್ಚಿನಲ್ಲಿ ಇಷ್ಟು ಉಪಯೋಗಕ್ಕೆ ಬಂದ ವಸ್ತು ನನ್ನ ಹತ್ತಿರ ಇನ್ನೊಂದಿಲ್ಲ.

ಇನ್ನು ಜಾಗದ ಮಾತು. ಮೊದಲು ನಾನು ರಸ್ತೆಯ ತೀರಾ ಅಂಚಿಗೆ ಹೋಗುತ್ತಿದ್ದೆ, ಅದೇ ಸುರಕ್ಷಿತ ಅಂತ. ಅಂಚಿನಲ್ಲಿ ಚೇಂಬರಿನ ಮುಚ್ಚಳ, ಮರಳು, ನಿಂತ ರಿಕ್ಷಾ. ಅವುಗಳನ್ನು ತಪ್ಪಿಸಲು ಪದೇ ಪದೇ ಹೊರಗೆ ಬರಬೇಕು. ಗಮನ ಇಲ್ಲದ ಡ್ರೈವರಿಗೆ ಅಂಚಿನಲ್ಲಿರೋದು ಕಾಣೋದೇ ಇಲ್ಲ. ಹಾಗೆ ತಟ್ಟನೆ ಹೊರಗೆ ಬಂದವರನ್ನು ತಪ್ಪಿಸಲು ಅವನಿಗೆ ಸಮಯವೂ ಸಿಗೋದಿಲ್ಲ. ಈಗ ಅಂಚಿನಿಂದ ಒಂದು ಮೀಟರ್ ಒಳಗೆ, ಕಾರಿನ ಎಡಗಾಲಿ ಹೋಗುವ ಸಾಲಿನಲ್ಲಿ, ನೇರ ಹೋಗುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ. ಹಾರ್ನ್ ಹೊಡೆದ ಅಂದರೆ ನನ್ನನ್ನು ನೋಡಿದ ಅಂತ ಅರ್ಥ.

ತಿರುವು ಹತ್ತಿರ ಬಂದಾಗ ಯಾವ ಗಾಡಿಯ ಎಡಗಡೆಗೂ ಹೋಗೋದಿಲ್ಲ. ಅದರ ಹಿಂದೆ ನಿಲ್ಲುತ್ತೇನೆ. ನನ್ನ ಎಲುಬು ಮುರಿದದ್ದು ಇದೇ ಒಂದು ವಿಷಯ ಗೊತ್ತಿಲ್ಲದೆ. ಇಂಡಿಕೇಟರ್ ನಂಬೋದಿಲ್ಲ, ಮುಂದಿನ ಗಾಲಿ ನೋಡುತ್ತೇನೆ. ಗಾಲಿ ಸ್ವಲ್ಪ ವಾಲಿದರೂ ಬ್ರೇಕ್ ಮೇಲೆ ಬೆರಳು.

ನಳ್ ಸ್ಟಾಪಿನಲ್ಲಿ ಮೇಲ್ಸೇತುವೆ, ಅದರ ಮೇಲೆ ಮೆಟ್ರೋ. ಬಿಸಿಲಿನಿಂದ ಆ ನೆರಳಿಗೆ ಹೊಕ್ಕಾಗ ಎಂಥ ಡ್ರೈವರಿಗೂ ಒಂದು ಕ್ಷಣ ಸರಿಯಾಗಿ ಕಾಣೋದಿಲ್ಲ. ಹಾಗಾಗಿ ಹಿಂದಿನ ಕೆಂಪು ಲೈಟು ಹಗಲಲ್ಲೂ ಮಿನುಗುತ್ತಿರುತ್ತದೆ. ಕಾಲಿನ ಗೆಣ್ಣಿಗೆ ಹೊಳೆಯುವ ಪಟ್ಟಿ ಕಟ್ಟುತ್ತೇನೆ. ಪೆಡಲ್ ಜೊತೆ ಅದು ಮೇಲೆ ಕೆಳಗೆ ಆಡುತ್ತದಲ್ಲ, ಇಲ್ಲಿ ಒಬ್ಬ ಮನುಷ್ಯ ಹೋಗುತ್ತಿದ್ದಾನೆ ಅಂತ ದೂರದಿಂದಲೇ ತಿಳಿಯುತ್ತದೆ.

ನಿಂತ ಕಾರುಗಳ ಬಾಗಿಲು ಇನ್ನೊಂದು ಕಂಟಕ. ಫೋನ್ ನೋಡುತ್ತಲೇ ಬಾಗಿಲು ತೆರೆಯುತ್ತಾರೆ. ಬಾಗಿಲಿನಷ್ಟು ದೂರ ಬಿಟ್ಟೇ ಹೋಗಬೇಕು. ಕಾರು ಇರುವವರಿಗೆ ಒಂದು ಮಾತು: ನೆದರ್ಲೆಂಡ್ಸಿನ ಜನ ಬಾಗಿಲಿಗೆ ದೂರದ ಕೈಯಿಂದ ಬಾಗಿಲು ತೆರೆಯುವ ರೂಢಿ ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಡ್ರೈವರ್ ಬಲಗಡೆ ಕೂರುತ್ತಾನೆ, ಹಾಗಾಗಿ ಎಡಗೈಯಿಂದ ತೆರೆಯಬೇಕು. ಮೈ ತಾನಾಗೇ ತಿರುಗುತ್ತದೆ, ಕಣ್ಣು ಹಿಂದೆ ಹೋಗುತ್ತದೆ. ನಮ್ಮ ಯಜಮಾನರಿಗೆ ಎರಡೇ ವಾರದಲ್ಲಿ ಅಭ್ಯಾಸ ಆಯಿತು.

ಕಾನೂನು ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ, ಕೈಯಲ್ಲಿ ಫೋನ್ ಹಿಡಿದು ಓಡಿಸೋದು 184ನೇ ಕಲಮಿನ ಅಪಾಯಕಾರಿ ಚಾಲನೆಗೆ ಸೇರಿತು. ಜೈಲು ಶಿಕ್ಷೆಗೂ ಅವಕಾಶ ಇದೆ. 2020ರ ಅಕ್ಟೋಬರಿನಿಂದ ದಾರಿ ನೋಡೋಕೆ ಮಾತ್ರ ಫೋನ್ ಬಳಸಬಹುದು, ಅದೂ ಗಮನ ತಪ್ಪದ ಹಾಗೆ. ನಾನು ಅಂದು ಪೊಲೀಸರ ಹತ್ತಿರ ಹೋಗಲಿಲ್ಲ. ಕಾರಿನವನು ಅಳುತ್ತಿದ್ದ, ಪಾಪ ಅನಿಸಿತು. ಹೋಗಬೇಕಿತ್ತು ಅಂತ ಈಗ ಅನಿಸುತ್ತದೆ. ಇನ್ನೊಂದು ವಿಷಯ ಗೊತ್ತಿರಲಿ: ಬಿದ್ದವರನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದವರಿಗೆ ಅದೇ ತಿದ್ದುಪಡಿಯ 134ಎ ಕಲಮು ರಕ್ಷಣೆ ಕೊಡುತ್ತದೆ. ಆ ಮಾವಶಿಗೆ, ಆ ಹುಡುಗರಿಗೆ ಇದು ಗೊತ್ತಿತ್ತೋ ಇಲ್ಲವೋ. ಗೊತ್ತಿರದೆಯೂ ಓಡಿ ಬಂದರು.

ಇಷ್ಟೆಲ್ಲಾ ರಸ್ತೆ ಮೇಲಿನ ತಯಾರಿ. ನನಗೆ ಹೆಚ್ಚು ಕಷ್ಟವಾದದ್ದು ಮನೆಯಲ್ಲಿ. ನಾವು ಫೋನ್ ಎತ್ತದಿದ್ದರೆ ಎದುರಿನವರು ಗಾಬರಿಯಾಗುವ ಜನ. ಮೂರು ಸಲ, ನಾಲ್ಕು ಸಲ ಮಾಡುತ್ತಾರೆ. ಕಾರು ಓಡಿಸುವವನಿಗೆ ಎತ್ತದೇ ಗತಿ ಇರೋದಿಲ್ಲ. ಅದಕ್ಕೇ ಶುರು ನನ್ನಿಂದಲೇ ಮಾಡಿದೆ. ಯಾರಿಗೆ ಫೋನ್ ಮಾಡಿದರೂ ಮೊದಲ ಮಾತು, "ಗಾಡಿ ಮೇಲೆ ಇದ್ದೀರಾ?" ಹೌದು ಅಂದರೆ "ಮುಟ್ಟಿದ ಮೇಲೆ ಮಾಡಿ" ಅಂತ ಇಟ್ಟುಬಿಡುತ್ತೇನೆ. ಎರಡನೇ ಮಾತು ಆಡೋದಿಲ್ಲ. ಆಫೀಸಿನಲ್ಲಿ ಡಿಲಿವರಿಗೆ ಬರುವ ಹುಡುಗರಿಗೂ ಇದೇ. "ಎಲ್ಲಿದ್ದೀಯಪ್ಪಾ, ಎಷ್ಟೊತ್ತು" ಅಂತ ಕೇಳೋದನ್ನು ಬಿಟ್ಟೆ. ಅವನು ಎಲ್ಲಿರುತ್ತಾನೆ, ಸ್ಕೂಟರ್ ಮೇಲೇ ಇರುತ್ತಾನೆ.

ಯಜಮಾನರು ಫೋನಿನಲ್ಲಿ ಡ್ರೈವಿಂಗ್ ಮೋಡ್ ಹಾಕಿಕೊಂಡಿದ್ದಾರೆ. ಫೋನ್ ಮಾಡಿದರೆ ತಾನಾಗೇ ಮೆಸೇಜ್ ಬರುತ್ತದೆ: "ಗಾಡಿ ಓಡಿಸ್ತಾ ಇದ್ದೇನೆ, ಆಮೇಲೆ ಮಾತಾಡ್ತೇನೆ." ಫೋನ್ ಬ್ಯಾಗಿನಲ್ಲಿ, ಬ್ಯಾಗ್ ಹಿಂದಿನ ಸೀಟಿನಲ್ಲಿ. ಮೊದಲ ವಾರ ಅವರಿಗೆ ಚಡಪಡಿಕೆ. ಆಮೇಲೆ ಒಂದು ದಿನ ಅವರೇ ಅಂದರು, ಚಾಂದಣಿ ಚೌಕಿನಲ್ಲಿ ಸೈಕಲ್ ಮೇಲೆ ಹೋಗುವವರು ಇಷ್ಟು ಜನ ಇದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ ನೋಡು.

ಕೊನೆಗೆ ಉಳಿದದ್ದು ಅವ್ವ. ಧಾರವಾಡದಲ್ಲಿ ಒಬ್ಬಳೇ ಇರುತ್ತಾಳೆ. ದಿನಾ ಬೆಳಿಗ್ಗೆ ಒಂಬತ್ತಕ್ಕೆ, ಪೂಜೆ ಮುಗಿಸಿ ಫೋನ್ ಮಾಡೋದು ಅವಳ ಎಷ್ಟೋ ವರ್ಷದ ರೂಢಿಯಾಗಿತ್ತು. ನಾನು ಸರಿಯಾಗಿ ಅದೇ ಹೊತ್ತಿಗೆ ಕರ್ವೆ ರಸ್ತೆ ಮೇಲೆ ಇರುತ್ತಿದ್ದೆ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಫೋನ್, ನಾನೂ ಎಷ್ಟೋ ದಿನ ಮಾತಾಡಿದ್ದೇನೆ. ಫೋನ್ ಮಾಡಬೇಡ ಅಂತ ಅವಳಿಗೆ ಹೇಳೋದು ಹೇಗೆ? ಪ್ಲಾಸ್ಟರ್ ತೆಗೆದ ಮೇಲೆ ಊರಿಗೆ ಹೋದಾಗ ಎಲ್ಲಾ ಹೇಳಿದೆ. ಆ ಹೆಂಗಸಿನ ದನಿಯ ವಿಷಯವನ್ನೂ ಹೇಳಿದೆ. ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಂತಿತು. "ಆಕಿ ಜೀವ ಹೆಂಗ ಆಗಿರಬೇಕವಾ" ಅಂದಳು.

ಈಗ ಒಂಬತ್ತಕ್ಕೆ ಫೋನ್ ಬರೋದಿಲ್ಲ. ಡೆಕ್ಕನ್ ಮುಟ್ಟಿ, ಆಫೀಸಿನ ಹಿಂದಿನ ಶೆಡ್ಡಿನಲ್ಲಿ ಸೈಕಲ್ ನಿಲ್ಲಿಸಿ, ನಾನೇ ಮಾಡುತ್ತೇನೆ. ಅರ್ಧ ರಿಂಗಿಗೇ ಎತ್ತುತ್ತಾಳೆ, ಫೋನ್ ಮುಂದಿಟ್ಟುಕೊಂಡೇ ಕೂತಿರುತ್ತಾಳೆ ಅಂತ ಕಾಣುತ್ತದೆ. ಹೆಂಗಿದ್ದೀ, ಏನು ತಿಂಡಿ, ಯಾವುದೂ ಇಲ್ಲ. ಮೊದಲು ಒಂದೇ ಕೇಳುತ್ತಾಳೆ.

"ಸೈಕಲ್ಲಿಗೆ ಕೀಲಿ ಹಾಕಿದೇನವಾ?"